ಬಾಯಾಡಿಸಿದರೆ ಸಾಕು

೯ ನವೆಂಬರ್ ೧೯೯೮, ಸೋಮವಾರ

ಸಂಜೆ ಆರೂವರೆ. ಬೆಳಿಗ್ಗೆ ಶಿರಸಿಯಲ್ಲಿ ಕಾಲೇಜು, ಮಧ್ಯಾಹ್ನ ಕಾನಸೂರಿನ ಶಾಲೆ, ಈಗಷ್ಟೇ ಮನೆಗೆ ಬಂದೆ. ಇವರು ಪ್ರೆಸ್ಸಿನಿಂದ ಇನ್ನೂ ಬಂದಿಲ್ಲ. ಅತ್ತೆ ದೀಪ ಹಚ್ಚಿ ಜಪಕ್ಕೆ ಕೂತಿದ್ದಾರೆ.

ಇಂದು ಮೊದಲ ಸಲ ಮಕ್ಕಳ ಎದುರು ನಿಂತು ಪಾಠ ಮಾಡಿದೆ. ಸಂಗೀತ ಶಿಕ್ಷಣದ ಕೋರ್ಸಿನ ಎರಡನೇ ವರ್ಷದಲ್ಲಿ ಹೀಗೆ ಒಂದು ಶಾಲೆಗೆ ಹೋಗಿ ಕಲಿಸಬೇಕು. ಫೆಬ್ರವರಿಯಲ್ಲಿ ವಿಶ್ವವಿದ್ಯಾಲಯದಿಂದ ಪರೀಕ್ಷಕರು ಬಂದು ನಾವು ಕಲಿಸುವುದನ್ನು ನೋಡಿ ಅಂಕ ಕೊಡುತ್ತಾರೆ. ಪಾಸಾದರೆ ನಾನು ಸಂಗೀತದ ಅಕ್ಕೋರು, ದಿನಾ ಹೊರಗೆ ಹೋಗಲು ಒಂದು ಶಾಲೆ. ಇಲ್ಲದಿದ್ದರೆ ಈ ಮನೆ, ಈ ನಡುಕೋಣೆ.

ಮಕ್ಕಳು ಎದ್ದು ನಿಂತು ನಮಸ್ತೆ ಎಂದರು. ಅಷ್ಟೂ ಬಾಯಿಗಳು ಒಟ್ಟಿಗೆ ತೆರೆದದ್ದು ನೋಡಿ ಹೆದರಿಕೆಯಾಯಿತು. ಭೂಪ ರಾಗದ ಆರೋಹ ಹೇಳಿಕೊಟ್ಟೆ. ಐದೇ ಸ್ವರ, ಮಕ್ಕಳಿಗೆ ಸುಲಭ. ಹಿಂದಿನ ಸಾಲಿನವರು ಏನೇನೋ ಕೇಳುತ್ತಿದ್ದರು. ಈಗಿನ ಮಕ್ಕಳು ಬಾಯೊಳಗೇ ಮಾತಾಡುತ್ತವೆ.

ನನ್ನ ಮಗು ಅಭಿಜ್ಞಾ ಹೋದದ್ದು ಆಷಾಢದಲ್ಲಿ. ಜ್ವರ ಬಂದದ್ದು ರಾತ್ರಿ, ಮಾರನೇ ದಿನ ಮಧ್ಯಾಹ್ನದೊಳಗೆ ಎಲ್ಲ ಮುಗಿದಿತ್ತು. ಇನ್ನೂ ಕವುಚಿ ಬೀಳಲು ಕಲಿಯುತ್ತಿದ್ದಳು. ಶಾಲೆಯಲ್ಲಿದ್ದಷ್ಟು ಹೊತ್ತು ಅವಳ ಅಳು ಕೇಳುವುದಿಲ್ಲ. ಮನೆಗೆ ಬಂದ ಕೂಡಲೇ ಕೇಳುತ್ತದೆ. ಅಳು ಎಂದರೆ ಅಳುವೂ ಅಲ್ಲ, ಸಣ್ಣಗೆ ಒಂದೇ ಎಳೆ, ಉಸಿರು ತೆಗೆದುಕೊಳ್ಳದೆ. ಇವರಿಗೆ ಜೀರುಂಡೆ ಎಂದು ಹೇಳಿದ್ದೆ.

"ಈಗೆಂತ ಜೀರುಂಡೆಯೆ? ಎಂಗೆ ಎಂತದೂ ಕೇಳ್ತಿಲ್ಲೆ" ಎಂದರು.

ಇನ್ನು ಇವರ ಎದುರು ಆ ಮಾತು ಎತ್ತಬಾರದು.

೧೪ ನವೆಂಬರ್, ಶನಿವಾರ

ತಂಬೂರಿ ಶ್ರುತಿ ಮಾಡುವಾಗ ಶಾಂತಾರಾಮ ಮಾಸ್ತರು ನನ್ನನ್ನೇ ನೋಡುತ್ತಿದ್ದರು. ಅವರು ನಮಗೆ ಹಾಡಲೂ ಕಲಿಸಲೂ ಹೇಳಿಕೊಡುವವರು. ಮುಖ ಸಿಡುಕು, ಮಾತು ಇನ್ನೂ ಸಿಡುಕು.

"ಎಂತ ಮಾರಾಯ್ತಿ, ತಂಬೂರಿಗೆ ಮುತ್ತು ಕೊಡ್ತಿದ್ದೀಯ?"

ಎಲ್ಲರೂ ನಕ್ಕರು. ನಾನು ತಂಬೂರಿಯ ದಂಡಿಗೆಗೆ ದವಡೆ ಊರಿ ಕೂತಿದ್ದೆ. ಯಾವಾಗಿನಿಂದ ಹಾಗೆ ಕೂರುತ್ತಿದ್ದೇನೋ ತಿಳಿಯದು. ದವಡೆ ಊರಿದರೆ ತಂತಿಯ ದನಿ ನೇರವಾಗಿ ತಲೆಯೊಳಗೆ ಬಂದು ಕೂರುತ್ತದೆ. ಸ್ವಲ್ಪ ದೂರ ಇಟ್ಟರೆ ಮಂಕು. ಕಾಲೇಜಿನ ತಂಬೂರಿ ಹಳತು, ತಂತಿ ಬದಲಿಸಿ ಎಷ್ಟು ವರ್ಷವಾಯಿತೋ.

ಸಂಜೆ ಬಸ್‌ಸ್ಟ್ಯಾಂಡಿನ ಹತ್ತಿರ ಯಾರೋ ತೋಳು ಹಿಡಿದು ಎಳೆದರು. ನೋಡಿದರೆ ನೀಲಗಂಗಾ. ಹಾನಗಲ್ಲಿನ ಕಡೆಯವಳು, ನಮ್ಮ ಕೋರ್ಸಿನವಳೇ, ಬಾಡಿಗೆ ಕೋಣೆಯಲ್ಲಿದ್ದು ಓದುತ್ತಾಳೆ.

"ಏನ್ ಪರಿಮಳಕ್ಕಾ, ಒದರಿ ಒದರಿ ನನ್ನ ಗಂಟಲ ಹರೀತು. ನೀವು ನೋಡಿದ್ರ ಮಹಾರಾಣಿ ಹೋದಂಗ ಹೊಂಟೀರಿ! ಇನ್ನ ನಾಳಿ ಹಾಡಾಕ ನನಗ ದನಿ ಎಲ್ಲಿಂದ ತರ್ಲಿ?"

ಏನೋ ಯೋಚನೆಯಲ್ಲಿದ್ದೆ ಎಂದೆ. ಅವಳ ನಗು ಅಲ್ಲೇ ನಿಂತಿತು. ಕೈ ಬಿಡದೆ ಬಸ್ಸಿನವರೆಗೂ ಬಂದಳು.

೨೭ ನವೆಂಬರ್, ಶುಕ್ರವಾರ

ತರಗತಿಯಲ್ಲಿ ಒಂದು ತೊಂದರೆ ಇತ್ತು, ಇಂದು ಹಿಡಿದೆ. ಎಲ್ಲರೂ ಒಂದು ದಾರಿ ಹೋದರೆ ಒಬ್ಬಳ ಗಾಂಧಾರ ಸ್ವರ ಮಾತ್ರ ಬೇರೆಯಾಗಿ ಮೇಲೆ ಎದ್ದು ನಿಲ್ಲುತ್ತದೆ. ಒಬ್ಬೊಬ್ಬರ ಬಾಯಿಯ ಹತ್ತಿರ ಬಗ್ಗಿ ಕೇಳುತ್ತ ಹೋದೆ. ಅದು ಮಂಜಿ. ಊರಿನ ಗದ್ದೆ ಕೆಲಸದವರ ಮನೆಯ ಹುಡುಗಿ, ಎಣ್ಣೆ ಹಚ್ಚಿ ಎರಡು ಜಡೆ ಬಿಗಿದಿರುತ್ತಾಳೆ, ದೊಡ್ಡ ದನಿ. ಮೂರು ಸಲ ಹಾಡಿಸಿದೆ. ಮೂರು ಸಲವೂ ಅದೇ, ಮೇಲೆ.

"ಮಂಜಿ, ನೀನು ಬಾಯಾಡಿಸಿದರೆ ಸಾಕು. ದನಿ ಬೇಡ."

"ಯಾಕ್ರೀ ಅಕ್ಕೋರೇ? ನಾ ಸಮ ಹಾಡ್ತೆ."

"ಪರೀಕ್ಷೆ ಮುಗಿಯುವವರೆಗೆ ಮಾತ್ರ. ಎಲ್ಲರ ಹಾಗೆ ಬಾಯಿ ತೆರೆ, ಚೆನ್ನಾಗಿ ತೆರೆ. ನೋಡಿದವರಿಗೆ ಹಾಡುತ್ತಿದ್ದೀಯ ಎಂದೇ ಕಾಣಬೇಕು."

ಪಕ್ಕದಲ್ಲಿದ್ದ ಭೂಮಿಕಾ ಕಿಸಕ್ಕನೆ ನಕ್ಕು, "ಮೂಗಿ ಮಂಜಿ" ಎಂದಳು.

"ನಿನ್ನ ಮುಂದಿನ ಹಲ್ಲು ಉದುರಿಸ್ತೆ ನೋಡು" ಎಂದಳು ಮಂಜಿ. ಆಮೇಲೆ ಹಾಡು ಶುರುವಾದಾಗ ಬಾಯಾಡಿಸಿದಳು. ಹೇಳಿದ ಮಾತು ಕೇಳುವ ಹುಡುಗಿ. ತರಗತಿ ಒಂದೇ ದನಿಯಾಯಿತು.

ಮೊದಲ ಸಲ ಮೇಷ್ಟರಂತೆ ಅನಿಸಿತು.

೪ ಡಿಸೆಂಬರ್, ಶುಕ್ರವಾರ

ಕಾನಸೂರಿನ ಬಸ್ಸು ಏರು ಬಂದಲ್ಲೆಲ್ಲ ಮೈಯೆಲ್ಲ ನಡುಗಿಸುತ್ತದೆ. ಎಂಜಿನ್ನಿನ ಸದ್ದಿಗೆ ಉಳಿದವರು ಬೈಯುತ್ತ ಕೂರುತ್ತಾರೆ. ನನಗೆ ಅಲ್ಲೇ ಎಲ್ಲರ ಮಾತೂ ಸ್ಪಷ್ಟ. ಇಂದು ನಾಗಿ ಎನ್ನುವ ಮುದುಕಿ ಬುಟ್ಟಿಯಲ್ಲಿ ಕೋಳಿ ಇಟ್ಟುಕೊಂಡು ಹತ್ತಿದ್ದಳು.

"ಕೋಳಿಗೂ ಟಿಕೆಟ್ ಮಾಡ್ಬೇಕು ಅಮ್ಮಾ" ಎಂದ ಕಂಡಕ್ಟರ್.

"ಮಾಡು. ಅದ್ಕೆ ಕಿಟಕಿ ಹತ್ರದ ಸೀಟು ಬೇಕು. ಅದು ವಾಂತಿ ಮಾಡ್ತೈತೆ."

ಇಡೀ ಬಸ್ಸು ನಕ್ಕಿತು, ನಾನೂ ನಕ್ಕೆ. ಆಷಾಢದ ನಂತರ ನಕ್ಕದ್ದು ಇದೇ ಮೊದಲಿರಬೇಕು. ಅದೇ ದಾರಿಯ ಶಾಲೆಯಿಂದ ಬರುವ ನೀಲಗಂಗಾಳ ಜೊತೆ ಶಿರಸಿಯವರೆಗೂ ಮಾತಾಡಿದೆ. ಇಳಿದ ಮೇಲೆ ಊರನ್ನೆಲ್ಲ ಹತ್ತಿಯಲ್ಲಿ ಸುತ್ತಿಟ್ಟ ಹಾಗಾಯಿತು.

"ಬಸ್ಸಿನಾಗ ಆದ್ರ ಭಾಳ ಚಲೋ ಮಾತಾಡ್ತೀರಿ. ಕ್ಲಾಸಿನ್ಯಾಗ ಏನಾಗ್ತದ ನಿಮಗ? ಮಾಸ್ತರು ಒಂದು ಕೇಳಿದ್ರ ಒಂದು ಹೇಳ್ತೀರಿ" ಎಂದಳು.

ಮಗುವಿನ ನೆನಪು ಬರುತ್ತದೆ ಎಂದೆ. ಸುಮ್ಮನಾದಳು. ಆ ಮಾತು ಹೇಳಿದರೆ ಎಲ್ಲರೂ ಸುಮ್ಮನಾಗುತ್ತಾರೆ. ಮೊದಲು ಅದನ್ನು ಹೇಳಲು ಬಾಯಿ ಬರುತ್ತಿರಲಿಲ್ಲ. ಈಗ ದಿನಕ್ಕೊಮ್ಮೆಯಾದರೂ ಹೇಳುತ್ತೇನೆ.

೨೦ ಡಿಸೆಂಬರ್, ಭಾನುವಾರ

ಯಲ್ಲಾಪುರದ ಕಡೆಯಿಂದ ಸಂಜೆ ಬಂದೆವು. ಅರಬೈಲಿನ ತವರುಮನೆಯಲ್ಲಿ ಸತ್ಯನಾರಾಯಣ ಪೂಜೆ. ಸಾಲು ಸಾಲು ಹೆಂಗಸರು ಬಂದು ನನ್ನ ಕೈ ಹಿಡಿದು ಏನೋ ಹೇಳಿ ಕಣ್ಣೊರೆಸಿಕೊಂಡರು. ಏನು ಹೇಳುತ್ತಾರೆಂದು ಗೊತ್ತೇ ಇದೆ, ತಲೆಯಾಡಿಸಿದರೆ ಆಯಿತು. ಒಬ್ಬಳಿಗೆ ತಲೆಯಾಡಿಸಿದಾಗ ಅವಳು ವಿಚಿತ್ರವಾಗಿ ನೋಡಿದಳು. ಅತ್ತೆ ಮಧ್ಯೆ ಬಂದು, "ಅದ್ರ ಹತ್ರ ಎಂತದೂ ಕೇಳಡ ತಂಗಿ. ಮಗು ಹೋದಾಗಿಂದ ಹಂಗೇಯ" ಎಂದರು. ಅತ್ತೆಯ ತುಟಿ ನನ್ನ ಎದುರಿಗೇ ಇತ್ತು.

ಅಪ್ಪನ ತಂಗಿ ದೇವತ್ತೆ ಬಡಿಸುವವರಿಂದ ದೂರ ಒಂದು ಮೂಲೆಯಲ್ಲಿ ವೀಳ್ಯದೆಲೆ ಒರೆಸುತ್ತ ಕೂತಿದ್ದಳು. ಅವಳಿಗೆ ಕಿವಿ ಇಲ್ಲ. ಮದುವೆಯಾಗಿ ಹೋಗುವಾಗ ಇತ್ತಂತೆ, ಹೆರಿಗೆಯಾದ ಮೇಲೆ ಹೋಗುತ್ತ ಬಂತಂತೆ. ಮಕ್ಕಳು ಅವಳ ಹಿಂದೆ ನಿಂತು ಅಣಕಿಸುವುದು ನಾವು ಚಿಕ್ಕವರಿದ್ದಾಗಲೂ ಇತ್ತು. ನಾನೂ ಅಣಕಿಸಿದ್ದೇನೆ.

ನನ್ನನ್ನು ಎದುರಿಗೆ ಕೂರಿಸಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಗಲ್ಲ ಹಿಡಿದು ದೊಡ್ಡ ದನಿಯಲ್ಲಿ, "ನಿಂಗೂ ಶುರುವಾತನೆ ಕೂಸೆ?" ಎಂದಳು.

"ಎಂತದು?"

"ನೀ ಎಲ್ಲರ ಬಾಯಿ ನೋಡ್ತಾ ಇದ್ದೆ. ಆನು ಬೆಳಗಿಂದ ನೋಡ್ತಾ ಇದ್ದೆ ನಿನ್ನ. ಮೊದ್ಲು ಎಂಗೂ ಹಂಗೇ ಆಗಿತ್ತು. ಜನ ಎಲ್ಲ ಗುಣುಗುಣು ಮಾತಾಡ್ತ ಹೇಳಿ ಸಿಟ್ಟು ಬರ್ತಿತ್ತು. ತಲೆ ಒಳಗೆ ಕುಂಯ್ ಹೇಳ್ತಾ?"

ಎಲ್ಲರೂ ಇತ್ತ ತಿರುಗಿದರು. ನನಗೆ ಮೈ ಉರಿಯಿತು. ಕೈ ಬಿಡಿಸಿಕೊಂಡು, "ನಿಂಗೆ ಕೇಳ್ತಿಲ್ಲೆ ಹೇಳಿ ಲೋಕಕ್ಕೆಲ್ಲ ಕೇಳ್ತಿಲ್ಯನೆ?" ಎಂದೆ. ಅವಳಿಗೆ ಅದು ಕೇಳಿಸಲಿಲ್ಲ, ಆದರೆ ಅರ್ಥವಾಯಿತು. ಎಲೆ ಒರೆಸಲು ತೊಡಗಿದಳು.

ದೇವತ್ತೆಗೆ ಒಳ್ಳೆಯ ದನಿಯಿತ್ತೆಂದು ಅಪ್ಪ ಹೇಳುತ್ತಿದ್ದರು. ನಾನು ಕೇಳಿದ ನೆನಪಿಲ್ಲ.

೨೯ ಡಿಸೆಂಬರ್, ಮಂಗಳವಾರ

ಪೇಟೆಯಲ್ಲಿ ಲಾರಿಯೊಂದು ನನ್ನ ಸೆರಗಿಗೆ ತಾಗುವಷ್ಟು ಹತ್ತಿರ ಬಂದು ನಿಂತಿತು. ಡ್ರೈವರ್ ಕುತ್ತಿಗೆ ಹೊರಗೆ ಹಾಕಿ ಬೈಯುತ್ತಿದ್ದ. ಅವನ ಹಲ್ಲು ಕಾಣಿಸಿತು. ಹಾರ್ನ್ ಹಾಕದೆ ಬರುತ್ತಾರೆ ಇವರು.

ಮನೆಯಲ್ಲಿ ಹೇಳಲಿಲ್ಲ.

೧೧ ಜನವರಿ ೧೯೯೯, ಸೋಮವಾರ

ಪಾಠ ಚೆನ್ನಾಗಿ ಆಗುತ್ತಿದೆ. ಭೂಪದಲ್ಲಿ ಒಂದು ಸಣ್ಣ ಹಾಡು ನಾನೇ ಕಟ್ಟಿ ಕಲಿಸಿದ್ದೇನೆ, ಪರೀಕ್ಷೆಯ ದಿನ ಅದನ್ನೇ ಹಾಡಿಸುವುದು. ಶಾಲೆಯ ಹಾರ್ಮೋನಿಯಂ ಪೇಟಿ ಹಳತಾಗಿ ಸ್ವರ ಮೇಲೆ ಏರಿಹೋಗಿದೆ, ಅದನ್ನು ಮುಚ್ಚಿಟ್ಟಿದ್ದೇನೆ. ನನ್ನ ತಲೆಯೊಳಗಿನ ಎಳೆ ಈಗ ಹಗಲೂ ನಿಲ್ಲುವುದಿಲ್ಲ. ಅದನ್ನೇ ಷಡ್ಜ ಮಾಡಿಕೊಂಡು ಹಾಡುತ್ತೇನೆ. ಒಮ್ಮೆಯೂ ತಪ್ಪದ ಶ್ರುತಿ, ಯಾರೂ ಮೀಟಬೇಕಾಗಿಲ್ಲ.

ವಿಶೇಷವೆಂದರೆ ಮಂಜಿ. ಅವಳನ್ನು ಮೊದಲ ಸಾಲಿಗೆ ತಂದಿದ್ದೇನೆ. ಬಾಯಾಡಿಸು ಎಂದಿದ್ದರೂ ತಾನಾಗಿ ದನಿ ತೆಗೆದಿದ್ದಾಳೆ, ಎಷ್ಟು ಸುಧಾರಿಸಿದ್ದಾಳೆ! ಒಂದೊಂದು ಅಕ್ಷರವೂ ಬಿಡಿಸಿಟ್ಟ ಹಾಗೆ. ಬೇರೆಯವರು ಗೊಣಗಿದ ಹಾಗೆ ಹಾಡುತ್ತಾರೆ. ಇಡೀ ತರಗತಿಯಲ್ಲಿ ನನಗೆ ಚೆನ್ನಾಗಿ ಕೇಳುವುದು ಮಂಜಿಯ ದನಿಯೊಂದೇ. ಅವಳನ್ನು ನೋಡುತ್ತ ತಾಳ ಹಾಕಿದರೆ ಎಲ್ಲಿಯೂ ತಪ್ಪುವುದಿಲ್ಲ.

ಇಂದು ಅವಳ ತಲೆ ಸವರಿದೆ. ಅವಳು ತಲೆ ಸರಿಸಿಕೊಂಡಳು.

೨೩ ಜನವರಿ, ಶನಿವಾರ

ಬೆಳಗಿನ ಶಾಲೆ ಬಿಟ್ಟ ಮೇಲೆ ಮಂಜಿಯ ತಾಯಿ ದ್ಯಾವಮ್ಮ ಗೇಟಿನ ಹತ್ತಿರ ಕಾದಿದ್ದಳು. ಗದ್ದೆಯಿಂದ ನೇರ ಬಂದಿರಬೇಕು, ಕಾಲಿಗೆ ಕೆಸರು. ಗಟ್ಟಿ ಮಾತಿನ ಹೆಂಗಸು, ಎಲ್ಲವೂ ಕೇಳಿಸಿತು.

"ಅಕ್ಕೋರೇ, ನಮ್ಮ ಹುಡ್ಗಿ ಮನೇಲೂ ಹಾಡಾದೇ ಬಿಟ್ಟೈತೆ. ಮೊದ್ಲು ದನ ಹೊಡ್ಕಂಡು ಬರುವಾಗ ಇವಳ ದನಿ ಕೇಳೇ ನಾ ಬಾಗ್ಲು ತೆಗೀತಿದ್ದೆ. ಈಗ ಕೇಳಿದ್ರೆ ಬಾಯಿ ಮಾತ್ರ ಆಡಿಸ್ತೈತೆ. ಪಿಶಾಚಿ ಹಿಡ್ದಂಗೆ. ನಂಗೆ ಹೆದ್ರಿಕೆ ಆತೈತೆ."

"ಶಾಲೆಯಲ್ಲಿ ಚೆನ್ನಾಗಿ ಹಾಡುತ್ತಾಳಲ್ಲ" ಎಂದೆ.

"ಹಾಡ್ತಾಳಾ?" ಅವಳು ನನ್ನನ್ನೂ ಮಗಳನ್ನೂ ನೋಡಿದಳು. ಮಂಜಿ ಕಂಬದ ಹಿಂದೆ ನಿಂತಿದ್ದಳು.

"ಎಲ್ಲರಿಗಿಂತ ಚೆನ್ನಾಗಿ."

ದ್ಯಾವಮ್ಮ ಮತ್ತೇನೂ ಕೇಳದೆ ಮಗಳ ಬೆನ್ನಿಗೆ ಒಂದು ಗುದ್ದಿ, ಅವಳನ್ನು ಮುಂದೆ ಮಾಡಿಕೊಂಡು ಹೋದಳು. ಶಾಲೆಯಲ್ಲಿ ಹಾಡಿ ಮನೆಯಲ್ಲಿ ಹಟ ಮಾಡುತ್ತಾಳೆ ಎಂದುಕೊಂಡಿರಬೇಕು. ಮಕ್ಕಳು ಹಾಗೆಯೇ.

೫ ಫೆಬ್ರವರಿ, ಶುಕ್ರವಾರ

ಸಂಜೆ ಏಳು. ಊಟ ಬೇಡ ಎಂದಿದ್ದೇನೆ.

ಮಾಸ್ತರು ಇಂದು ಹೇಳದೆ ಕಾನಸೂರಿಗೆ ಬಂದರು. ಪರೀಕ್ಷೆಗೆ ಮೊದಲು ಎಲ್ಲರ ಪಾಠವನ್ನೂ ಒಮ್ಮೆ ನೋಡುತ್ತಾರೆ. ಬಾಗಿಲಲ್ಲಿ ನಿಂತು ಹಾಡು ಪೂರ್ತಿ ಕೇಳಿದರು. ಮಂಜಿಯ ಕಡೆ ಕೈ ಮಾಡಿ ಏನೋ ಕೇಳಿದರು. ಹತ್ತಿರ ಹೋದೆ.

"ಆ ಹುಡುಗಿ ಯಾಕೆ ಹಾಡ್ತಾ ಇಲ್ಲ?"

"ಹಾಡುತ್ತಿದ್ದಾಳಲ್ಲ ಮಾಸ್ತರೆ. ಅವಳದೇ ಎದ್ದು ಕೇಳುತ್ತದೆ."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಭೂಮಿಕಾ ಎದ್ದು ನಿಂತು, ಕೈ ಬೆನ್ನಿಗೆ ಕಟ್ಟಿಕೊಂಡು, ವರದಿ ಒಪ್ಪಿಸುವವಳ ಹಾಗೆ ಹೇಳಿದಳು. ಅವಳ ಬಾಯಿ ನನಗೆ ಕಾಣುತ್ತಿತ್ತು.

"ಅಕ್ಕೋರೇ ಅವಳಿಗೆ ಹಾಡಬೇಡ ಅಂದಾರೆ ಸಾರ್. ನವೆಂಬರಿಂದ ಅವಳು ದನಿ ತೆಗೆದೇ ಇಲ್ಲ."

ಮಾಸ್ತರು ಮಕ್ಕಳನ್ನು ಆಟಕ್ಕೆ ಬಿಟ್ಟರು. ಮಂಜಿಯನ್ನು ಮಾತ್ರ ನಿಲ್ಲಿಸಿಕೊಂಡು ಪೇಟಿ ತೆಗೆಸಿದರು. ಗಾಂಧಾರ ಒತ್ತಿ ಹಿಡಿದು ಅವಳಿಗೆ ಹಾಡು ಎಂದರು. ಅವಳು ಬಾಯಿ ತೆರೆದಳು. ಹಾಡಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಮಾಸ್ತರ ಮುಖ ನೋಡಿದೆ. ಅದು ಮೆತ್ತಗಾಗಿತ್ತು. ಅವರ ಮುಖ ಹಾಗಾದದ್ದನ್ನು ನಾನು ಈ ಎರಡು ವರ್ಷದಲ್ಲಿ ಕಂಡಿರಲಿಲ್ಲ. ಆಮೇಲೆ ನನಗೆ ಹಾಡು ಎಂದರು. ಹಾಡಿದೆ. ಅವರು ಕಣ್ಣು ಮುಚ್ಚಿಕೊಂಡರು.

ಜಗಲಿಗೆ ಕರೆದು ನನ್ನ ಮುಖಕ್ಕೆ ಮುಖ ಕೊಟ್ಟು ನಿಧಾನವಾಗಿ ಮಾತಾಡಿದರು. "ಆ ಕೂಸು ಸರಿ ಇತ್ತು. ನಿನ್ನ ಗಾಂಧಾರ ಇಳಿದಿದೆ. ಮಕ್ಕಳೆಲ್ಲ ನಿನ್ನ ತಪ್ಪನ್ನೇ ಕಲಿತಿವೆ. ಸರಿ ಇದ್ದ ಒಂದರ ಬಾಯಿ ಮುಚ್ಚಿಸಿದ್ದೀ. ನಿನ್ನ ಕಿವಿ ಹೋಗ್ತಾ ಇದೆ ಪರಿಮಳಾ. ಹುಬ್ಬಳ್ಳಿಗೆ ಹೋಗಿ ತೋರಿಸು, ಕೆಲವಕ್ಕೆ ಆಪರೇಷನ್ನೂ ಇದೆಯಂತೆ."

"ಪರೀಕ್ಷೆ ಮುಗಿಯಲಿ ಮಾಸ್ತರೆ."

"ಹೀಗೇ ಪಾಸಾಗಿ ಮೇಷ್ಟರಾದರೆ ವರ್ಷಕ್ಕೆ ಎಷ್ಟು ಮಕ್ಕಳ ಬಾಯಿ ಮುಚ್ಚಿಸ್ತೀಯ?"

ಮಗು ಹೋದಾಗಿನಿಂದ ಮನಸ್ಸು ಸರಿಯಿಲ್ಲ ಎಂದೆ. ಅವರು ಸುಮ್ಮನಾಗಲಿಲ್ಲ.

"ಮಗುವಿನ ಹೆಸರು ಅದಕ್ಕೆ ತರಬೇಡ" ಎಂದರು.

ಕೊನೆಗೆ ಒಂದು ಮಾತಿಗೆ ಒಪ್ಪಿದರು. ಪರೀಕ್ಷಕರಿಗೆ ಅವರಾಗಿ ಏನೂ ಹೇಳುವುದಿಲ್ಲ. ಆದರೆ ಅಂದು ಮಂಜಿ ದನಿ ತೆಗೆದು ಹಾಡಬೇಕು. ಅವಳು ಹಾಡದಿದ್ದರೆ ಅವರೇ ಎದ್ದು ನಿಂತು ಎಲ್ಲ ಹೇಳುತ್ತಾರೆ.

ಮಾಸ್ತರಿಗೆ ವಯಸ್ಸಾಯಿತು. ಈ ವಯಸ್ಸಿಗೆ ಅವರ ಕಿವಿಯೇ ಎಷ್ಟು ಸರಿ ಇದ್ದೀತು?

೬ ಫೆಬ್ರವರಿ, ಶನಿವಾರ

ಏನೂ ಇಲ್ಲ.

೧೨ ಫೆಬ್ರವರಿ, ಶುಕ್ರವಾರ

ಬೆಳಿಗ್ಗೆ ಕನ್ನಡಿಯ ಎದುರು ತಲೆ ಬಾಚಿಕೊಳ್ಳುತ್ತಿದ್ದೆ. ಇವರು ಹಿಂದೆ ಬಂದು ನಿಂತದ್ದು ಕನ್ನಡಿಯಲ್ಲಿ ಕಾಣಿಸಿತು. ನಾನು ನೋಡುತ್ತಿದ್ದೇನೆಂದು ಅವರಿಗೆ ಗೊತ್ತಾಗಲಿಲ್ಲ. ನನ್ನ ಬೆನ್ನಿಗೆ ಏನೋ ಹೇಳಿದರು. ಇನ್ನೊಮ್ಮೆ ಹೇಳಿದರು. ಮೂರನೇ ಸಲ ತುಟಿ ಕೂಡಿ ಬಿಡುವುದನ್ನು ಸರಿಯಾಗಿ ನೋಡಿದೆ. ಅಭಿ. ಈ ಮನೆಯಲ್ಲಿ ಯಾರೂ ಬಾಯಿಗೆ ತಾರದ ಹೆಸರು.

ನಾನು ಬಾಚಣಿಗೆ ಎಳೆಯುತ್ತಲೇ ಇದ್ದೆ. ಇವರು ಬಾಗಿಲ ಚೌಕಟ್ಟು ಹಿಡಿದು ನಿಂತರು. ಆಮೇಲೆ ತಿರುಗಿ, "ಎಂತಾರೂ ಹೇಳಿದ್ರಾ?" ಎಂದು ಕೇಳಿದೆ.

"ಇಲ್ಲೆ" ಎಂದರು. ಕಣ್ಣು ಕೆಂಪಾಗಿತ್ತು. ಮತ್ತೆ, "ಹುಬ್ಬಳ್ಳಿಗೆ ಹೋಪನ?" ಎಂದರು.

"ಪರೀಕ್ಷೆ ಆಗ್ಲಿ."

ಮಾಸ್ತರು ಇವರಿಗೆ ಹೇಳಿದ್ದಾರೆ. ಅವರನ್ನು ನಂಬಬಾರದಿತ್ತು.

೧೭ ಫೆಬ್ರವರಿ, ಬುಧವಾರ

ಸಂಜೆ ಏಳೂವರೆ. ಇಂದು ಕೊನೆಯ ತಯಾರಿ. ಪಾಠದ ಟಿಪ್ಪಣಿ ನಕಲು ಮಾಡಿದೆ, ಸ್ವರಗಳ ಚಾರ್ಟು ಗೋಡೆಗೆ ಅಂಟಿಸಿ ಬಂದೆ. ತಂಬೂರಿಯನ್ನು ನೀಲಗಂಗಾ ಶ್ರುತಿ ಮಾಡಿಕೊಟ್ಟಳು. ನಾನು ಕೇಳಿರಲಿಲ್ಲ, ಅವಳಾಗಿಯೇ ತೆಗೆದುಕೊಂಡಳು. ಅವಳ ಜೊತೆ ಬಸ್ಸಿನಲ್ಲಿಯೂ ಮಾತಾಡಲಿಲ್ಲ.

ನಾಲ್ಕು ದಿನ ಕೂತು ಮಕ್ಕಳಿಗೆ ಹೊಸದಾಗಿ ಗಾಂಧಾರ ಹೇಳಿಕೊಡಲು ನೋಡಿದೆ. ಪೇಟಿ ಒತ್ತಿ, ಹೀಗೆ ಎಂದೆ. ಅವು ಪೇಟಿಯನ್ನು ನೋಡುತ್ತವೆ, ನನ್ನ ಬಾಯಿಯನ್ನು ನೋಡುತ್ತವೆ, ಯಾವುದನ್ನು ನಂಬುವುದೆಂದು ತಿಳಿಯದೆ ದನಿ ಸಣ್ಣ ಮಾಡುತ್ತವೆ. ಅವು ಹಾಡುತ್ತಿವೆ ಎಂದು ತಿಳಿಯುವುದು ಎದೆ ಏರಿಳಿಯುವುದರಿಂದ. ತಲೆಯೊಳಗಿನ ಎಳೆ ಮಾತ್ರ ಗಟ್ಟಿಯಾಗಿದೆ.

ಇಂದು ಶಾಲೆ ಬಿಟ್ಟ ಮೇಲೆ ಮಂಜಿಯನ್ನು ನಿಲ್ಲಿಸಿಕೊಂಡೆ. ಬೆಂಚಿನ ಮೇಲೆ ಕೂರಿಸಿ ಎದುರಿಗೆ ಮಂಡಿಯೂರಿದೆ. ಭೂಮಿಕಾ ಮತ್ತು ಇಬ್ಬರು ಮೂವರು ಬಾಗಿಲಲ್ಲೇ ಇದ್ದರು, ಹೋಗಿ ಎಂದರೂ ಹೋಗಲಿಲ್ಲ.

"ನಾಳೆ ನೀನು ಹಾಡಬೇಕು ಮಂಜಿ. ದನಿ ತೆಗೆದು, ಮೊದಲಿನ ಹಾಗೆ. ನಿನ್ನದೇ ಸರಿ ಇತ್ತು. ನನ್ನದೇ ತಪ್ಪಾಗಿತ್ತು."

ಇಷ್ಟು ದಿನ ಯಾರಿಗೂ ಹೇಳದ ಮಾತು. ಬಾಗಿಲಲ್ಲಿದ್ದವರು ಒಬ್ಬರನ್ನೊಬ್ಬರು ಚಿವುಟಿಕೊಂಡರು.

"ಹಾಡ್ತೀಯಲ್ಲ?"

ಮಂಜಿ ತಲೆ ತಗ್ಗಿಸಿಕೊಂಡಿದ್ದಳು. ಎಣ್ಣೆ ಹಚ್ಚಿದ ಬೈತಲೆ, ಅದರ ಕೆಳಗೆ ಮೂಗಿನ ತುದಿ, ಅಷ್ಟೇ ಕಾಣುತ್ತಿದ್ದದ್ದು. ಅವಳ ಭುಜ ಸ್ವಲ್ಪ ಅಲುಗಿತು. ಏನೋ ಹೇಳಿದಳು.

"ಎಂತ ಹೇಳಿದೆ?"

ಮತ್ತೊಮ್ಮೆ ಹೇಳಿದಳು, ತಲೆ ಎತ್ತದೆ. ಗಲ್ಲ ಹಿಡಿದು ಮುಖ ಎತ್ತಲು ಕೈ ಮುಂದೆ ಮಾಡಿದೆ. ಅವಳು ಹಿಂದೆ ಸರಿದಳು. ಬಾಗಿಲಲ್ಲಿ ಭೂಮಿಕಾ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು, ನಗುತ್ತಿದ್ದಳೋ ಏನೋ. ಮೂರನೇ ಸಲ ಕೇಳಲು ಆಗಲಿಲ್ಲ.

"ಸರಿ" ಎಂದೆ. ಮಂಜಿ ಚೀಲ ಹೆಗಲಿಗೆ ಹಾಕಿಕೊಂಡು ಓಡಿದಳು.

ಮುಖ್ಯೋಪಾಧ್ಯಾಯರು ಪರೀಕ್ಷಕರ ಕುರ್ಚಿಯನ್ನು ಹಿಂದಿನ ಗೋಡೆಗೆ ಹಾಕಿಸಿದ್ದಾರೆ. ಪ್ರಶ್ನೆಗಳನ್ನು ಅವರು ಅಲ್ಲಿಂದಲೇ ಕೇಳುತ್ತಾರಂತೆ. ಕರಿಹಲಗೆಯ ಹತ್ತಿರ ನಿಂತು ನೋಡಿದೆ, ಅಲ್ಲಿ ಕೂತವರ ತುಟಿ ಕಾಣುವುದಿಲ್ಲ. ನಾಳೆ ಹನ್ನೊಂದು ಗಂಟೆಗೆ ನನ್ನ ಪಾಠ.